ಸೇನೆಯ ಆದ್ಯತೆ ಬದಲಾದರೆ ನಾಗರಿಕರ ತೋಟಾಗಳ ಬೆಲೆ ಏಕೆ ಏರುತ್ತದೆ? ಲೇಕ್ ಸಿಟಿ, 5.56 ಮತ್ತು 6.8ರ ಬಗ್ಗೆ ಒಂದು ಪ್ರಶ್ನೆ

ಗುರಿಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿದ್ದುಕೊಂಡು ಬಿಡುವಿನಲ್ಲಿ ಗುರಿ ಅಭ್ಯಾಸ ಮಾಡುವ ಕೆಲವರು ಇಲ್ಲಿರುವುದರಿಂದ ಈ ವಿಷಯವನ್ನು ಇಲ್ಲಿಯೇ ಕೇಳುತ್ತಿದ್ದೇನೆ. ನನ್ನ ಬಳಿ 5.56 ಎಂಎಂ ತೋಟಾ ಬಳಸುವ ಎಆರ್-15 ಮಾದರಿಯ ಒಂದು ರೈಫಲ್, ಒಂದು 9 ಎಂಎಂ ಪಿಸ್ತೂಲು ಮತ್ತು ಅಭ್ಯಾಸಕ್ಕೆಂದು ಸಣ್ಣ .22 ಕ್ಯಾಲಿಬರಿನ ಒಂದು ಬಂದೂಕು ಇವೆ. ತೋಟಾಗಳ ಬೆಲೆ ಏರಿದಾಗಲೆಲ್ಲ ಅಂಗಡಿಯವರು ಕೊಡುವ ಕಾರಣ ಒಂದೇ: ಎಲ್ಲವನ್ನೂ ಸೇನೆ ಎತ್ತಿಕೊಂಡು ಹೋಗುತ್ತಿದೆ. 2020-21ರಲ್ಲಿ ಈ ಮಾತು ಕೇಳಿದೆ, ಉಕ್ರೇನ್ ಯುದ್ಧ ಶುರುವಾದ ಮೇಲೂ ಕೇಳಿದೆ, ಸೇನೆ 6.8 ಎಂಎಂ ತೋಟಾಕ್ಕೆ ಬದಲಾಗುತ್ತಿದೆ ಎಂದು ಸುದ್ದಿಯಾದ ಮೇಲೂ ಅದೇ ಮಾತು.

ಸೇನೆಯ ಬೇಡಿಕೆ ನಾಗರಿಕರ ಪಾಲನ್ನು ಕಡಿಮೆ ಮಾಡುವುದು ನಿಜವಾಗಿ ಯಾವ ದಾರಿಯಲ್ಲಿ ಎಂಬುದು ನನಗೆ ತಿಳಿಯಬೇಕಾಗಿದೆ. ಕಾನೂನಿನ ಬಲದಿಂದಲೋ, ಒಪ್ಪಂದದಿಂದಲೋ, ಅಥವಾ ಕಚ್ಚಾ ವಸ್ತುಗಳ ಕೊರತೆಯಿಂದಲೋ? ಸೇನೆ ಹೆಚ್ಚುಕಡಿಮೆ ಮುಟ್ಟದ .22 ಕೂಡ ಒಮ್ಮೊಮ್ಮೆ ಕಪಾಟಿನಿಂದ ಮಾಯವಾಗುವುದೇಕೆ? ಮುಂದೆ 6.8 ಬಂದರೆ 5.56 ಅಗ್ಗವಾಗುತ್ತದೆಯೋ, ಇಲ್ಲವೇ ತಯಾರಿಕೆಯೇ ಕುಗ್ಗಿ ದುಬಾರಿಯಾಗುತ್ತದೆಯೋ? ಗಾಳಿಮಾತು ಬೇಡ, ಒಳಗಿನ ವ್ಯವಸ್ಥೆ ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಲೆಕ್ಕಪತ್ರ

ಗುರಿಗಾರರೇ, 5.56ರ ಮಟ್ಟಿಗೆ ನಿಮ್ಮ ಪ್ರಶ್ನೆಯ ಬಹುಪಾಲು ಉತ್ತರ ಒಂದೇ ಕಾರ್ಖಾನೆಯಲ್ಲಿದೆ. ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಲ್ಲಿರುವ ಲೇಕ್ ಸಿಟಿ ಸೇನಾ ಮದ್ದುಗುಂಡು ಕಾರ್ಖಾನೆ 1941ರಲ್ಲಿ ಉತ್ಪಾದನೆ ಆರಂಭಿಸಿತು. ನೆಲ, ಕಟ್ಟಡ ಮತ್ತು ಯಂತ್ರಗಳು ಸರ್ಕಾರದವು. ನಡೆಸುವುದು ಮಾತ್ರ ಗುತ್ತಿಗೆ ಪಡೆದ ಖಾಸಗಿ ಕಂಪನಿ. ಮೊದಲು ರೆಮಿಂಗ್ಟನ್ ನಡೆಸಿತು, 1985ರಿಂದ ಓಲಿನ್, 2000ದಿಂದ ಅಲಿಯಂಟ್ ಟೆಕ್‌ಸಿಸ್ಟಮ್ಸ್ ಹಾಗೂ ಅದರ ಉತ್ತರಾಧಿಕಾರಿ ಕಂಪನಿಗಳು. 2020ರ ಅಕ್ಟೋಬರ್‌ನಿಂದ ಮತ್ತೆ ಓಲಿನ್, ಅಂದರೆ ವಿಂಚೆಸ್ಟರ್. ಅಮೆರಿಕದ ಸೇನೆಯ ರೈಫಲ್ ಹಾಗೂ ಮೆಷಿನ್‌ಗನ್‌ಗಳಿಗೆ ಬೇಕಾದ 5.56, 7.62 ಮತ್ತು .50 ಕ್ಯಾಲಿಬರ್ ತೋಟಾಗಳ ದೊಡ್ಡ ಪಾಲು ಇಲ್ಲಿಂದಲೇ ಹೋಗುತ್ತದೆ, ಮತ್ತು ಪೂರ್ಣ ವೇಗದಲ್ಲಿ ಓಡಿದರೆ ಈ ಕಾರ್ಖಾನೆ ವರ್ಷಕ್ಕೆ ನೂರು ಕೋಟಿಗೂ ಮೀರಿ ತೋಟಾ ತಯಾರಿಸಬಲ್ಲದು.

ಯುದ್ಧ ಇಲ್ಲದ ವರ್ಷಗಳಲ್ಲಿ ಸೇನೆಗೆ ಅಷ್ಟೊಂದು ಬೇಕಾಗುವುದಿಲ್ಲ. ಆದರೆ ಯಂತ್ರಗಳನ್ನು ನಿಲ್ಲಿಸಿ ಕೆಲಸಗಾರರನ್ನು ಮನೆಗೆ ಕಳುಹಿಸಿದರೆ, ನಾಳೆ ತುರ್ತು ಬಂದಾಗ ನುರಿತ ಕೈಗಳು ಸಿಗುವುದಿಲ್ಲ. ಅದಕ್ಕಾಗಿ ಮಿಕ್ಕ ಸಾಮರ್ಥ್ಯವನ್ನು ಬಳಸಿ ನಾಗರಿಕ ಮಾರುಕಟ್ಟೆಗೆ ಮಾರಲು ಗುತ್ತಿಗೆದಾರನಿಗೆ ಅವಕಾಶವಿದೆ. ಇದರಿಂದ ಕಾರ್ಖಾನೆಯ ಸ್ಥಿರ ವೆಚ್ಚ ಹೆಚ್ಚು ತೋಟಾಗಳ ಮೇಲೆ ಹಂಚಿಹೋಗಿ ಸೇನೆ ಕೊಡುವ ಬೆಲೆಯೂ ತಗ್ಗುತ್ತದೆ. ನೀವು ಕೊಳ್ಳುವ ಎಕ್ಸ್‌ಎಂ193 ಅಥವಾ ಎಂ855 ಎಂಬ ಸೇನಾ ಮಾದರಿಯ 5.56 ಪೆಟ್ಟಿಗೆಯಿಂದ ಒಂದು ತೋಟಾ ತೆಗೆದು ಬುಡವನ್ನು ನೋಡಿ. ನಡುವೆ ಇರುವ, ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲೇ ಪ್ರೈಮರ್. ಪ್ರೈಮರ್‌ನ ಸುತ್ತ ಹಿತ್ತಾಳೆಯ ಮೇಲೆ ಎಲ್ ಮತ್ತು ಸಿ ಅಕ್ಷರಗಳು, ತಯಾರಾದ ವರ್ಷದ ಎರಡು ಅಂಕಿಗಳು, ಅನೇಕ ವೇಳೆ ವೃತ್ತದೊಳಗೆ ಶಿಲುಬೆಯಂತೆ ಕಾಣುವ ನ್ಯಾಟೋ ಗುರುತು. ಅದು ಸೇನೆಯ ಕಾರ್ಖಾನೆಯ ಮಾಲು.

ಇಲ್ಲಿ ನಾಗರಿಕನ ಸ್ಥಾನ ಕಾಲುವೆಯ ಕೊನೆಯ ಗದ್ದೆಯವನ ಸ್ಥಾನವೇ. ಮೇಲಿನ ಗದ್ದೆಗೆ ನೀರು ಬೇಡವಾದಾಗ ಅವನಿಗೆ ಧಾರಾಳ, ಬೇಕಾದಾಗ ಅವನದು ಒಣಗುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನ ಯುದ್ಧಗಳ ಕಾಲದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ 2005ರ ವರದಿಯ ಪ್ರಕಾರ, ಸೇನೆಗೆ ಬೇಕಾದ ಸಣ್ಣ ಕ್ಯಾಲಿಬರ್ ತೋಟಾಗಳ ಸಂಖ್ಯೆ 2000ದಲ್ಲಿ ಸುಮಾರು 73 ಕೋಟಿ ಇದ್ದದ್ದು 2005ರ ಹೊತ್ತಿಗೆ 180 ಕೋಟಿಯ ಸಮೀಪಕ್ಕೆ ಬಂದಿತ್ತು. ಲೇಕ್ ಸಿಟಿಯೊಂದರಿಂದ ಅದು ಪೂರೈಸದೆ ಓಲಿನ್‌ನ ಸ್ವಂತ ಕಾರ್ಖಾನೆಯಿಂದಲೂ ಇಸ್ರೇಲಿನ ಸರ್ಕಾರಿ ತಯಾರಕರಿಂದಲೂ ಕೊಳ್ಳಬೇಕಾಯಿತು. ಅಂತಹ ಹೊತ್ತಿನಲ್ಲಿ ಮಿಕ್ಕ ಸಾಮರ್ಥ್ಯ ಎಂಬುದೇ ಉಳಿಯುವುದಿಲ್ಲ.

ಕಾನೂನಿನ ಬಗ್ಗೆ ಕೇಳಿದ್ದೀರಿ. 1950ರ ರಕ್ಷಣಾ ಉತ್ಪಾದನಾ ಕಾಯ್ದೆಯ ಅಡಿಯಲ್ಲಿ ಆದ್ಯತಾ ಶ್ರೇಣಿಯ ವ್ಯವಸ್ಥೆಯೊಂದಿದೆ. ರಕ್ಷಣಾ ಇಲಾಖೆಯ ಆದೇಶಗಳಿಗೆ 'ಡಿಒ' ಅಥವಾ ಅದಕ್ಕೂ ಮೇಲಿನ 'ಡಿಎಕ್ಸ್' ಎಂಬ ಶ್ರೇಣಿ ಇರುತ್ತದೆ. ಶ್ರೇಣಿಯಿರುವ ಆದೇಶವನ್ನು ತಯಾರಕ ಸಾಮಾನ್ಯವಾಗಿ ನಿರಾಕರಿಸುವಂತಿಲ್ಲ, ಮತ್ತು ಎರಡನ್ನೂ ಗಡುವಿನೊಳಗೆ ಪೂರೈಸಲಾಗದಿದ್ದರೆ ಖಾಸಗಿ ಗ್ರಾಹಕನ ಆದೇಶವನ್ನು ಹಿಂದಕ್ಕೆ ಸರಿಸಲೇಬೇಕು. ಬಹಳ ಮಂದಿ ಗಮನಿಸದ ಅಂಶವೆಂದರೆ ಈ ಶ್ರೇಣಿ ಸರಪಳಿಯ ಉದ್ದಕ್ಕೂ ಕೆಳಗಿಳಿಯುತ್ತದೆ. ತೋಟಾ ತಯಾರಕ ತನಗೆ ಬಂದ ಶ್ರೇಣಿಯನ್ನೇ ಮದ್ದು ಪೂರೈಸುವವನಿಗೂ, ಹಿತ್ತಾಳೆ ಪಟ್ಟಿ ಪೂರೈಸುವವನಿಗೂ ದಾಟಿಸಬೇಕಾಗುತ್ತದೆ. ಹೀಗಾಗಿ ಲೇಕ್ ಸಿಟಿಯ ಹೊಸ್ತಿಲನ್ನೇ ತುಳಿಯದ ಯಾವುದೋ ಖಾಸಗಿ ಕಾರ್ಖಾನೆಯ ನಾಗರಿಕ ಆದೇಶವೂ, ಇಬ್ಬರಿಗೂ ಮದ್ದು ಪೂರೈಸುವವರು ಒಬ್ಬರೇ ಆಗಿದ್ದರೆ, ತಡವಾಗಬಹುದು.

ಗುತ್ತಿಗೆದಾರ ಬದಲಾಗುವುದೂ ಆದ್ಯತೆ ಬದಲಾದಂತೆಯೇ. 2020ರಲ್ಲಿ ಕಾರ್ಖಾನೆ ಕೈ ಬದಲಾದದ್ದು ಬೇಡಿಕೆ ಉತ್ತುಂಗದಲ್ಲಿದ್ದ ವರ್ಷದಲ್ಲೇ. ಅದುವರೆಗೆ ಲೇಕ್ ಸಿಟಿಯ ಮಾಲು ಹೆಚ್ಚಾಗಿ ಫೆಡರಲ್ ಎಂಬ ತೋಟಾ ಕಂಪನಿಯ ಹೆಸರಿನ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಆ ಮೇಲೆ ವಿಂಚೆಸ್ಟರ್ ಹೆಸರು ಹೆಚ್ಚಾಯಿತು. 2022ರ ಜೂನ್‌ನಲ್ಲಿ ಈ ನಾಗರಿಕ ಮಾರಾಟವನ್ನೇ ಸರ್ಕಾರ ನಿಲ್ಲಿಸಲಿದೆ ಎಂಬ ಸುದ್ದಿ ಹಬ್ಬಿತ್ತು. ಮಾರಾಟ ನಿಲ್ಲಲಿಲ್ಲ. ಆದರೂ ಒಂದೇ ಒಂದು ಸರ್ಕಾರಿ ನಿರ್ಧಾರದ ಮೇಲೆ ಈ ಪೂರೈಕೆ ನಿಂತಿದೆ ಎಂಬುದು ಆಗ ಎಲ್ಲರಿಗೂ ಅರಿವಾಯಿತು.

ಕಪಾಟು ಖಾಲಿ

ಲೆಕ್ಕಪತ್ರ ಅವರು ವ್ಯವಸ್ಥೆಯನ್ನು ಸೊಗಸಾಗಿ ವಿವರಿಸಿದ್ದಾರೆ. ಆದರೆ ಅಂಗಡಿಯವರ ಮಾತಿಗೆ ಅದು ಬೇಕಾದದ್ದಕ್ಕಿಂತ ಹೆಚ್ಚು ಬಲ ಕೊಡುತ್ತದೆ ಎಂಬುದು ನನ್ನ ತಕರಾರು. ಕಳೆದ ಹದಿನೈದು ವರ್ಷಗಳ ದೊಡ್ಡ ಕೊರತೆಗಳನ್ನು ಒಂದೊಂದಾಗಿ ತೆಗೆದುಕೊಂಡು ನೋಡಿದರೆ, ಅವುಗಳಲ್ಲಿ ಹೆಚ್ಚಿನವಕ್ಕೆ ಸೇನೆ ಕಾರಣವಲ್ಲ. ನಾಗರಿಕ ಕೊಳ್ಳುವವರೇ ಕಾರಣ.

ಮೊದಲು .22 ನೋಡೋಣ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡ ನಡೆದ ಮೇಲೆ ಕಠಿಣ ಕಾನೂನು ಬರಬಹುದೆಂಬ ಭಯದಲ್ಲಿ ಜನ ಕೊಳ್ಳಲು ಮುಗಿಬಿದ್ದರು. ಮುಂದಿನ ಎರಡು ವರ್ಷ .22 ಪೆಟ್ಟಿಗೆ ಸಿಗುವುದೇ ಕಷ್ಟವಾಯಿತು. ಈ ರಿಮ್‌ಫೈರ್ ತೋಟಾ, ಅಂದರೆ ಅಂಚಿಗೆ ಬಡಿದು ಹೊತ್ತಿಸುವ ತೋಟಾ, ಲೇಕ್ ಸಿಟಿಯಲ್ಲಿ ತಯಾರಾಗುವುದೇ ಇಲ್ಲ. ಅದು ಬರುವುದು ಐಡಾಹೋದ ಲೂಯಿಸ್ಟನ್‌ನಲ್ಲಿರುವ ಸಿಸಿಐ, ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿರುವ ವಿಂಚೆಸ್ಟರ್ ಮುಂತಾದ ನಾಗರಿಕ ಕಾರ್ಖಾನೆಗಳಿಂದ. ಅದರ ಪ್ರೈಮಿಂಗ್ ಮಿಶ್ರಣವನ್ನು ಹಿತ್ತಾಳೆಯ ಅಂಚಿನ ಮಡಿಕೆಯೊಳಗೆ ತೇವವಾಗಿರುವಾಗಲೇ ತುಂಬಿ, ತಿರುಗಿಸಿ ಅಂಚಿಗೆ ಹರಡಬೇಕು. ಇದಕ್ಕೆ ಬೇಕಾದ ಯಂತ್ರಗಳೇ ಬೇರೆ, 5.56ರ ಯಂತ್ರಗಳನ್ನು ಇದಕ್ಕೆ ತಿರುಗಿಸಲು ಬರುವುದಿಲ್ಲ. ಹೀಗಿರುವಾಗ ಸೇನೆ ಅದನ್ನು ಕಸಿದುಕೊಂಡಿತು ಎಂದರೆ ಅರ್ಥವೇ ಇಲ್ಲ. ಅದೇ ಸಮಯದಲ್ಲಿ ಆಂತರಿಕ ಭದ್ರತಾ ಇಲಾಖೆ ಕೋಟಿಗಟ್ಟಲೆ ತೋಟಾ ಗುಡ್ಡೆ ಹಾಕುತ್ತಿದೆ ಎಂಬ ಪುಕಾರೂ ಹಬ್ಬಿತ್ತು. 2014ರಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ತನಿಖೆ ಮಾಡಿ ನೋಡಿದರೆ, ಆ ಇಲಾಖೆಯ ಖರೀದಿ 2009ರಿಂದ ಇಳಿಯುತ್ತಲೇ ಬಂದಿತ್ತು.

ಇನ್ನು 9 ಎಂಎಂ. 2019ರಲ್ಲಿ ಸಾಧಾರಣ ಅಭ್ಯಾಸದ ತೋಟಾ ಒಂದಕ್ಕೆ 20 ಸೆಂಟಿನ ಆಸುಪಾಸು ಇದ್ದ ಬೆಲೆ 2021ರ ಆರಂಭಕ್ಕೆ 70 ಸೆಂಟ್ ದಾಟಿತು. ಈ ಅವಧಿಯಲ್ಲಿ ಸೇನೆಯ ಪಿಸ್ತೂಲು ಬಳಕೆಯಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಏನೂ ಆಗಿರಲಿಲ್ಲ. ಆದದ್ದು ಬೇರೆ: ಬಂದೂಕು ಖರೀದಿಗೆ ಸಂಬಂಧಿಸಿದ ಎಫ್‌ಬಿಐನ ಹಿನ್ನೆಲೆ ಪರಿಶೀಲನೆಗಳು 2019ರಲ್ಲಿ ಸುಮಾರು 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿಗೆ ಏರಿದವು. ಪರಿಶೀಲನೆಯ ಸಂಖ್ಯೆಯೇ ಬಂದೂಕಿನ ಸಂಖ್ಯೆಯಲ್ಲ, ಅದು ಸರಿ. ಆದರೆ ಹೊಸದಾಗಿ ಪಿಸ್ತೂಲು ಕೊಂಡವನು ಎರಡು ಪೆಟ್ಟಿಗೆ ತೋಟಾವನ್ನಾದರೂ ಕೊಳ್ಳುತ್ತಾನೆ, ಹಳಬನು ಖಾಲಿ ಕಪಾಟು ನೋಡಿ ಹತ್ತು ಪೆಟ್ಟಿಗೆ ಕೊಳ್ಳುತ್ತಾನೆ. ಅದೇ ವರ್ಷ ಜುಲೈನಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅರ್ಕನ್ಸಾದ ಲೋನೋಕ್‌ನಲ್ಲಿದ್ದ ಅದರ ದೊಡ್ಡ ತೋಟಾ ಕಾರ್ಖಾನೆ ಮಾರಾಟವಾಗಿ ಮತ್ತೆ ವೇಗ ಪಡೆಯುವವರೆಗೆ ಪೂರೈಕೆಯ ಒಂದು ಕಾಲೇ ಮುರಿದಂತಾಗಿತ್ತು.

5.56ರಲ್ಲೂ 2015ರ ಪ್ರಸಂಗ ನೆನಪಿಸಿಕೊಳ್ಳಿ. ಎಂ855 ತೋಟಾವನ್ನು ರಕ್ಷಾಕವಚ ಭೇದಿಸುವ ಗುಂಡುಗಳ ಸಾಲಿಗೆ ಸೇರಿಸುವ ಪ್ರಸ್ತಾವವನ್ನು ಬಂದೂಕು ನಿಯಂತ್ರಣದ ಸರ್ಕಾರಿ ಸಂಸ್ಥೆಯಾದ ಎಟಿಎಫ್ ಫೆಬ್ರವರಿಯಲ್ಲಿ ಮುಂದಿಟ್ಟಿತು, ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ನಡುವಿನ ಕೆಲವೇ ವಾರಗಳಲ್ಲಿ ಆ ಹಸಿರು ತುದಿಯ ತೋಟಾಗಳು ಎಲ್ಲೆಡೆ ಖಾಲಿ. ಕಾರ್ಖಾನೆಯಲ್ಲಿ ಯಾವ ಯಂತ್ರವೂ ನಿಂತಿರಲಿಲ್ಲ.

ನಾಗರಿಕ ಮಾರುಕಟ್ಟೆ ಸೇನೆಯ ಖರೀದಿಗಿಂತ ಹಲವು ಪಟ್ಟು ದೊಡ್ಡದು. ಆದ್ದರಿಂದ ನಾಗರಿಕರ ಆತಂಕ ಸ್ವಲ್ಪ ಹೆಚ್ಚಿದರೂ ಅದರ ಪರಿಣಾಮ ಸೇನೆಯ ಒಂದು ಇಡೀ ಒಪ್ಪಂದಕ್ಕಿಂತ ಜೋರಾಗಿರುತ್ತದೆ. 'ಸೇನೆ ಕೊಂಡೊಯ್ದಿತು' ಎನ್ನುವುದು ಅಂಗಡಿಯವರಿಗೆ ಅನುಕೂಲದ ಉತ್ತರ, ಏಕೆಂದರೆ ಅದರ ಮೇಲೆ ಗಿರಾಕಿ ಚೌಕಾಸಿ ಮಾಡಲು ಬರುವುದಿಲ್ಲ.

ಮದ್ದಿನಮನೆ

ಇಬ್ಬರೂ ಸಿದ್ಧ ತೋಟಾದ ಬಗ್ಗೆ ಬರೆದಿದ್ದಾರೆ. ನಾನು ನನ್ನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುವವನಾದ್ದರಿಂದ ಬಿಡಿ ಭಾಗಗಳ ಕಡೆಯಿಂದ ಇದನ್ನು ನೋಡುತ್ತೇನೆ, ಮತ್ತು ಆ ಕಡೆಯಿಂದ ನೋಡಿದರೆ ಕಪಾಟು ಖಾಲಿ ಅವರ ವಾದ 2021ರವರೆಗೆ ಪೂರ್ತಿ ಒಪ್ಪುವಂಥದ್ದು, 2022ರ ನಂತರಕ್ಕೆ ಸಾಲದು.

ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಹಿತ್ತಾಳೆಯ ಕೋಶ, ಗುಂಡು, ಮದ್ದಿನ ಪುಡಿ, ಪ್ರೈಮರ್. ಹಿತ್ತಾಳೆಗೆ ತಾಮ್ರ ಮತ್ತು ಸತು ಬೇಕು, ಅವುಗಳ ಬೆಲೆ ಏರಿಳಿಯುತ್ತದೆ, ಆದರೆ ಲೋಹ ಸಿಗುತ್ತದೆ. ನಿಜವಾದ ಇಕ್ಕಟ್ಟು ಇರುವುದು ಕೊನೆಯ ಎರಡರಲ್ಲಿ.

ಹೊಗೆರಹಿತ ಮದ್ದಿನ ಬುನಾದಿ ನೈಟ್ರೋಸೆಲ್ಯುಲೋಸ್. ಹತ್ತಿ ಬೀಜದ ಮೇಲೆ ಉಳಿಯುವ ಗಿಡ್ಡ ನೂಲು, ಅಂದರೆ ಲಿಂಟರ್, ಅಥವಾ ಮರದ ತಿರುಳನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಸಂಸ್ಕರಿಸಿ ಅದನ್ನು ಪಡೆಯುತ್ತಾರೆ. ಅಪಾಯದ ಕೆಲಸವಾದ್ದರಿಂದ ಹೊಸ ಕಾರ್ಖಾನೆ ಕಟ್ಟಲು ವರ್ಷಗಳೇ ಬೇಕು. ಅಮೆರಿಕದಲ್ಲಿ ಸೇನೆಗೆ ಬೇಕಾದ ನೈಟ್ರೋಸೆಲ್ಯುಲೋಸ್‌ನ ಮುಖ್ಯ ದೇಶೀ ಮೂಲ ವರ್ಜೀನಿಯಾದ ರ‍್ಯಾಡ್‌ಫರ್ಡ್ ಸೇನಾ ಕಾರ್ಖಾನೆ. ಅದನ್ನು ನಡೆಸುತ್ತಿರುವುದು ಬಿಎಇ ಸಿಸ್ಟಮ್ಸ್. ರೈಫಲ್ ತೋಟಾದ ಗುಂಡುಕಾಳಿನಂತಹ ಬಾಲ್ ಪೌಡರ್ ತಯಾರಾಗುವುದು ಫ್ಲಾರಿಡಾದ ಸೇಂಟ್ ಮಾರ್ಕ್ಸ್ ಪೌಡರ್‌ನಲ್ಲಿ, ಅದು ಜನರಲ್ ಡೈನಮಿಕ್ಸ್‌ಗೆ ಸೇರಿದ್ದು. ಸೇನೆಯ 5.56ರಲ್ಲಿ ಬಳಕೆಯಾಗುತ್ತ ಬಂದ ಡಬ್ಲ್ಯೂಸಿ844 ಮತ್ತು ನಾನು ಡಬ್ಬಿಯಲ್ಲಿ ಕೊಳ್ಳುವ ಹಾಡ್ಗ್‌ಡನ್ ಎಚ್335 ಒಂದೇ ಬಳ್ಳಿಯ ಕಾಯಿಗಳು. ಒಂದಕ್ಕೆ ಶ್ರೇಣಿಯಿರುವ ಆದೇಶ ಬಂದರೆ ಇನ್ನೊಂದರ ಡಬ್ಬಿ ತಡವಾಗುವುದರಲ್ಲಿ ಆಶ್ಚರ್ಯವೇನಿದೆ?

ಈಗ ಫಿರಂಗಿಯ ಲೆಕ್ಕ ನೋಡಿ. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಅಮೆರಿಕ 155 ಎಂಎಂ ಫಿರಂಗಿ ಶೆಲ್‌ಗಳನ್ನು ತಿಂಗಳಿಗೆ ಸುಮಾರು 14,000ದಂತೆ ತಯಾರಿಸುತ್ತಿತ್ತು. ಅದನ್ನು 1,00,000ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಯುರೋಪಿನ ದೇಶಗಳೂ ಅದೇ ಹಾದಿ ಹಿಡಿದವು. ಒಂದು 5.56 ತೋಟಾದಲ್ಲಿರುವ ಮದ್ದು ಹೆಚ್ಚುಕಡಿಮೆ 1.7 ಗ್ರಾಂ. ದೂರದ ಗುರಿಗೆ ಪೂರ್ಣ ಪ್ರಮಾಣದಲ್ಲಿ ಹಾರಿಸುವ ಒಂದು 155 ಎಂಎಂ ಶೆಲ್‌ಗೆ ಹತ್ತು ಕಿಲೋಗೂ ಮಿಕ್ಕಿ ನೋದನ ಮದ್ದು ಬೇಕಾಗುತ್ತದೆ. ತೂಕಕ್ಕೆ ತೂಕ ಇಟ್ಟರೆ ಅದು ಸುಮಾರು 6,000 ರೈಫಲ್ ತೋಟಾಗಳ ಮದ್ದು. ಅಮೆರಿಕದ ಫಿರಂಗಿ ಮದ್ದಿನಲ್ಲಿ ನೈಟ್ರೋಗ್ಲಿಸರಿನ್ ಮತ್ತು ನೈಟ್ರೋಗ್ವಾನಿಡಿನ್ ಕೂಡ ಸೇರಿರುವುದರಿಂದ ನೈಟ್ರೋಸೆಲ್ಯುಲೋಸ್‌ನ ಪಾಲು ಅದರಲ್ಲಿ ಐದನೇ ಒಂದರಷ್ಟಿರಬಹುದು. ಹಾಗೆಂದು ಇಟ್ಟುಕೊಂಡರೂ ಒಂದು ಶೆಲ್ ಸಾವಿರಕ್ಕೂ ಹೆಚ್ಚು ತೋಟಾಗಳ ಪಾಲನ್ನು ನುಂಗುತ್ತದೆ. ಫಿರಂಗಿ ಶೆಲ್ ಮತ್ತು ರೈಫಲ್ ತೋಟಾ ಒಂದೇ ಕಾರ್ಖಾನೆಯಲ್ಲಿ ತಯಾರಾಗುವುದಿಲ್ಲ ನಿಜ. ಆದರೆ ಅವೆರಡೂ ಒಂದೇ ಹತ್ತಿಯನ್ನು, ಒಂದೇ ಆಮ್ಲವನ್ನು ಬೇಡುತ್ತವೆ. ಅಮೆರಿಕದಲ್ಲಿ ಮಾರಾಟವಾಗುವ ಮದ್ದಿನಲ್ಲಿ ಆಸ್ಟ್ರೇಲಿಯಾದ ಮಲ್ವಾಲಾ ಕಾರ್ಖಾನೆಯ ಮತ್ತು ಯುರೋಪಿನ ಕಾರ್ಖಾನೆಗಳ ಪಾಲೂ ಸಾಕಷ್ಟಿದೆ. ಆ ತಯಾರಕರಿಗೆ ತಮ್ಮ ದೇಶದ ಸೇನೆಯೇ ಮೊದಲ ಗಿರಾಕಿ. ಫೆಡರಲ್, ಸಿಸಿಐ, ರೆಮಿಂಗ್ಟನ್ ಬ್ರ್ಯಾಂಡ್‌ಗಳ ಒಡೆತನ ಹೊಂದಿದ್ದ ವಿಸ್ಟಾ ಔಟ್‌ಡೋರ್ 2024ರಲ್ಲಿ ಬೆಲೆ ಏರಿಸಿದಾಗ ಕೊಟ್ಟ ಕಾರಣವೂ ಜಗತ್ತಿನಾದ್ಯಂತ ಮದ್ದಿನ ಕೊರತೆ ಎಂಬುದೇ. ಇದು ಕೊಳ್ಳುವವರ ಆತಂಕದಿಂದ ಬಂದ ಏರಿಕೆಯಲ್ಲ.

ಪ್ರೈಮರ್ ಇನ್ನೂ ಬಿಗಿ. ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರೈಮರ್ ತಯಾರಿಸುವ ಹೆಸರುಗಳು ಸಿಸಿಐ, ಫೆಡರಲ್, ರೆಮಿಂಗ್ಟನ್ ಮತ್ತು ವಿಂಚೆಸ್ಟರ್, ಅಷ್ಟೇ. ಅವುಗಳಲ್ಲಿ ಮೊದಲ ಮೂರಕ್ಕೂ ಒಡೆಯರು ಒಬ್ಬರೇ, 2024ರ ನವೆಂಬರ್‌ನಿಂದ ಜೆಕ್ ದೇಶದ ಸಿಎಸ್‌ಜಿ ಸಮೂಹ. ಪ್ರೈಮರ್ ಮಿಶ್ರಣದಲ್ಲಿ ಲೆಡ್ ಸ್ಟಿಫ್ನೇಟ್ ಮತ್ತು ಬೇರಿಯಂ ನೈಟ್ರೇಟ್ ಜೊತೆಗೆ ಆಂಟಿಮನಿ ಸಲ್ಫೈಡ್ ಇರುತ್ತದೆ. ಗುಂಡಿನ ಸೀಸವನ್ನು ಗಟ್ಟಿಮಾಡುವುದಕ್ಕೂ ಆಂಟಿಮನಿಯೇ ಬೇಕು. ಜಗತ್ತಿನಲ್ಲಿ ಇದರ ಅತಿ ದೊಡ್ಡ ಉತ್ಪಾದಕ ಚೀನಾ. 2024ರ ಸೆಪ್ಟೆಂಬರ್‌ನಲ್ಲಿ ಅದು ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು, ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ರಫ್ತನ್ನೇ ನಿಷೇಧಿಸಿತು, 2025ರ ನವೆಂಬರ್‌ನಲ್ಲಿ ಆ ನಿಷೇಧವನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟಿತು. ಐಡಾಹೋದ ಸ್ಟಿಬ್ನೈಟ್ ಗಣಿಯನ್ನು ಮತ್ತೆ ತೆರೆಯುವ ಯೋಜನೆಗೆ ರಕ್ಷಣಾ ಇಲಾಖೆ ಹಣ ಕೊಟ್ಟಿರುವುದು ಇದೇ ಆಂಟಿಮನಿಗಾಗಿ, ಮತ್ತು ಗಣಿಯಿಂದ ಅದಿರು ಹೊರಬಂದಾಗ ಮೊದಲ ಬುಟ್ಟಿ ಯಾರಿಗೆ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

2019ರಲ್ಲಿ ಸಾವಿರ ಪ್ರೈಮರ್‌ಗಳ ಪೆಟ್ಟಿಗೆಗೆ 30 ಡಾಲರಿನ ಆಸುಪಾಸು ಕೊಡುತ್ತಿದ್ದೆವು. ಕೊರತೆ ಮುಗಿಯಿತು ಎಂದು ಎಲ್ಲರೂ ಹೇಳಿದ ಮೇಲೂ ಆ ಬೆಲೆ ಹಿಂದಿರುಗಲಿಲ್ಲ. ಆತಂಕದ ಖರೀದಿಯೊಂದೇ ಕಾರಣವಾಗಿದ್ದರೆ ಆತಂಕ ಇಳಿದ ಮೇಲೆ ಬೆಲೆಯೂ ಇಳಿಯಬೇಕಿತ್ತಲ್ಲವೇ?

ಕಪಾಟು ಖಾಲಿ

ಮದ್ದಿನಮನೆಯವರೇ, ಪ್ರೈಮರ್ ಬೆಲೆ ಇಳಿಯದಿರುವುದಕ್ಕೆ ನೀವೇ ಕೊಟ್ಟ ಇನ್ನೊಂದು ಕಾರಣ ಸಾಕು: ನಾಲ್ಕು ಹೆಸರು, ಇಬ್ಬರು ಒಡೆಯರು. ಪೈಪೋಟಿ ಇಲ್ಲದ ಕಡೆ ಏರಿದ ಬೆಲೆ ಇಳಿಯಲು ಯಾರೂ ಅವಸರ ಮಾಡುವುದಿಲ್ಲ. ಜೊತೆಗೆ ಅದೇ ಕಂಪನಿ ತನ್ನ ಪ್ರೈಮರ್‌ನಿಂದ ತಾನೇ ತೋಟಾ ತಯಾರಿಸಿ ಮಾರಿದರೆ ಹೆಚ್ಚು ಲಾಭ. ಬಿಡಿ ಪ್ರೈಮರ್ ಕೊಳ್ಳುವ ನಿಮ್ಮಂಥವರಿಗೆ ಸಿಗುವುದು, ಅದರ ಸ್ವಂತ ಅಗತ್ಯ ಮುಗಿದು ಮಿಕ್ಕದ್ದು ಮಾತ್ರ. ಮದ್ದಿನ ವಿಷಯದಲ್ಲಿ ಫಿರಂಗಿಯ ಹೊರೆ ಇದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಎಲ್ಲ ಏರಿಕೆಯನ್ನೂ ಅದಕ್ಕೇ ಕಟ್ಟುವುದು ಬೇಡ ಎನ್ನುತ್ತಿದ್ದೇನೆ.

ಹಳೆ ಹಿತ್ತಾಳೆ

ಆಮದಿನ ಬಗ್ಗೆ ಯಾರೂ ಹೇಳಲಿಲ್ಲ, ಆದ್ದರಿಂದ ಚುಟುಕಾಗಿ ಸೇರಿಸುತ್ತೇನೆ. ಉಕ್ಕಿನ ಕೋಶದ ಅಗ್ಗದ ತೋಟಾ, ಅದರಲ್ಲೂ ಎಕೆ-47 ಮಾದರಿಯ ಬಂದೂಕುಗಳ 7.62×39, ಬಹುಮಟ್ಟಿಗೆ ರಷ್ಯಾದ ತುಲಾ, ಬರ್ನಾವುಲ್ ಮುಂತಾದ ಕಾರ್ಖಾನೆಗಳಿಂದ ಬರುತ್ತಿತ್ತು. ಅಮೆರಿಕ ಸರ್ಕಾರ 2021ರ ಸೆಪ್ಟೆಂಬರ್‌ನಿಂದ ಹೊಸ ಆಮದು ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಅದು ರಷ್ಯಾದ ವಿರೋಧಿ ನಾಯಕ ನವಾಲ್ನಿಯ ವಿಷಪ್ರಾಶನ ಪ್ರಕರಣದ ನಿರ್ಬಂಧ, ಯುದ್ಧದ್ದಲ್ಲ. ಯುದ್ಧ ಬಂದದ್ದು ಆಮೇಲೆ. ಆ ಜಾಗವನ್ನು ಒಂದಿಷ್ಟು ತುಂಬಿದ ಸರ್ಬಿಯಾ 2025ರ ಜೂನ್‌ನಲ್ಲಿ ತನ್ನ ಸೇನೆಯ ಅಗತ್ಯವನ್ನು ಮುಂದಿಟ್ಟು ಮದ್ದುಗುಂಡು ರಫ್ತಿಗೆ ತಡೆ ಘೋಷಿಸಿತು. ಗುರಿಗಾರರು ಅಮೆರಿಕದ ಸೇನೆಯೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದಾರೆ. ಬೇರೆ ದೇಶದ ಸೇನೆಯ ಆದ್ಯತೆಯೂ ಇಲ್ಲಿನ ಕಪಾಟಿಗೆ ತಾಗುತ್ತದೆ.

ಇನ್ನೊಂದು ದಾರಿ ಬಳಸಿದ ಹಿತ್ತಾಳೆಯದು. ಸೇನೆಯ ತರಬೇತಿ ಮೈದಾನಗಳಲ್ಲಿ ಬೀಳುವ ಖಾಲಿ ಕೋಶಗಳನ್ನು ಕೊಂಡು ಮತ್ತೆ ತುಂಬಿ ಮಾರುವ ಸಣ್ಣ ಉದ್ಯಮಗಳಿವೆ. 2009ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ ಆ ಕೋಶಗಳನ್ನು ಜಜ್ಜಿ ಗುಜರಿ ಲೋಹವಾಗಿ ಮಾತ್ರ ಮಾರಬೇಕೆಂದಾಗ ಗದ್ದಲವೆದ್ದು, ಮೊಂಟಾನಾದ ಸೆನೆಟರುಗಳಾದ ಟೆಸ್ಟರ್ ಮತ್ತು ಬಾಕಸ್ ಮಧ್ಯೆ ಪ್ರವೇಶಿಸಿ, ಕೆಲವೇ ದಿನಗಳಲ್ಲಿ ಆ ಆದೇಶ ಹಿಂದಕ್ಕೆ ಹೋಯಿತು. ಕಾಗದದ ಮೇಲಿನ ಒಂದು ಸಾಲು ಬದಲಾದರೆ ಸಾಕು, ಈ ಪೂರೈಕೆ ನಿಲ್ಲುತ್ತದೆ.

ಗುರಿಗಾರ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಮೂರನೆಯ ಪ್ರಶ್ನೆ ಮಾತ್ರ ಉಳಿಯಿತು. 6.8 ಬಂದಂತೆ ಲೇಕ್ ಸಿಟಿಯಲ್ಲಿ 5.56 ಯಂತ್ರಗಳು ಬಿಡುವಾಗಿ ನಾಗರಿಕರಿಗೆ ಹೆಚ್ಚು ಸಿಗಬಹುದೇ? ಸೇನೆಯ ಹಳೆಯ ರೈಫಲ್ ಎಂ1 ಗ್ಯಾರಂಡ್ ನಿವೃತ್ತವಾದ ಮೇಲೆ ಅದರ .30-06 ತೋಟಾಗಳ ಹಳೆಯ ದಾಸ್ತಾನು ನಾಗರಿಕ ಗುರಿಗಾರರಿಗೆ ಅಗ್ಗವಾಗಿ ಸಿಕ್ಕಿತ್ತು ಎಂದು ಹಿರಿಯ ಸದಸ್ಯರೊಬ್ಬರು ಹೇಳುತ್ತಿದ್ದರು. ಹಾಗೆಯೇ 5.56ಕ್ಕೂ ಆಗಬಹುದೇ?

ಲೆಕ್ಕಪತ್ರ

ಗ್ಯಾರಂಡ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಆ ರೈಫಲನ್ನು ಸೇನೆ ಪೂರ್ತಿಯಾಗಿ ಕೈಬಿಟ್ಟಿತ್ತು, ಮತ್ತು ಸಿಎಂಪಿ ಎಂಬ ನಾಗರಿಕ ಗುರಿ ಅಭ್ಯಾಸ ಸಂಸ್ಥೆಯ ಮೂಲಕ .30-06 ಹಂಚುವುದಕ್ಕೆ ಕಾನೂನಿನ ದಾರಿ ಇತ್ತು. ಗ್ರೀಸಿನಿಂದ ಮರಳಿ ಬಂದ ಎಚ್‌ಎಕ್ಸ್‌ಪಿ ತೋಟಾಗಳೂ ಆ ದಾರಿಯಲ್ಲೇ ಜನರ ಕೈ ಸೇರಿದವು. 5.56ರ ವಿಷಯದಲ್ಲಿ ಸೇನೆ ಕೈಬಿಡುತ್ತಿಲ್ಲ. 2022ರ ಏಪ್ರಿಲ್‌ನಲ್ಲಿ ಸಿಗ್ ಸಾವರ್ ಎಂಬ ಬಂದೂಕು ಕಂಪನಿಗೆ 6.8ರ ಒಪ್ಪಂದ ಸಿಕ್ಕಿ, 2024ರಲ್ಲಿ 101ನೇ ವಾಯುಗಾಮಿ ಡಿವಿಷನ್ ಹೊಸ ರೈಫಲನ್ನು ಪಡೆಯಿತು. ಆದರೆ ಯೋಜನೆ ಇರುವುದು ಮುಂಚೂಣಿಯಲ್ಲಿ ಹತ್ತಿರದಿಂದ ಹೋರಾಡುವ ತುಕಡಿಗಳಿಗೆ ಮಾತ್ರ. ಸೇನೆಯ ಉಳಿದವರು 5.56ರ ಎಂ4 ರೈಫಲ್ ಹಿಡಿದೇ ಇರುತ್ತಾರೆ, ನ್ಯಾಟೋ ಮಿತ್ರರದೂ 5.56ವೇ.

ಯಂತ್ರಗಳು ಬಿಡುವಾಗುವ ಮಾತೂ ಅಷ್ಟು ನೇರವಲ್ಲ. 6.8×51 ತೋಟಾದ ಕೋಶ ಒಂದೇ ತುಂಡಿನದಲ್ಲ: ಬುಡ ಉಕ್ಕು, ಮೇಲ್ಭಾಗ ಹಿತ್ತಾಳೆ. ಚೇಂಬರಿನ, ಅಂದರೆ ಬಂದೂಕಿನಲ್ಲಿ ತೋಟಾ ಕೂರುವ ಭಾಗದ, ಒಳಗಿನ ಒತ್ತಡ ಚದರ ಇಂಚಿಗೆ 80,000 ಪೌಂಡ್ ಮುಟ್ಟುತ್ತದೆ, 5.56ರಲ್ಲಿ ಅದು 62,000ದ ಆಸುಪಾಸು. ಒಂದೇ ಹಿತ್ತಾಳೆ ಬಟ್ಟಲನ್ನು ಹಂತಹಂತವಾಗಿ ಎಳೆದು ಕೋಶ ಮಾಡುವ ಹಳೆಯ ಯಂತ್ರಗಳಿಗೆ ಇದು ಹೊಂದುವುದಿಲ್ಲ. ಅದಕ್ಕಾಗಿಯೇ ಲೇಕ್ ಸಿಟಿಯಲ್ಲಿ ಪ್ರತ್ಯೇಕ ಕಟ್ಟಡಕ್ಕೆ 2025ರ ಫೆಬ್ರವರಿಯಲ್ಲಿ ಅಡಿಗಲ್ಲು ಹಾಕಿದರು. ಅಂದರೆ 6.8 ಬಂದರೆ 5.56ರ ಯಂತ್ರಗಳನ್ನು ಕಿತ್ತು ಹಾಕಬೇಕಿಲ್ಲ. ಇದು ನಿಮಗೆ ಒಳ್ಳೆಯ ಸುದ್ದಿ. ಕೆಟ್ಟ ಸುದ್ದಿ ಎಂದರೆ ಪ್ರೈಮರ್ ಮತ್ತು ಮದ್ದು ಎರಡು ಕಟ್ಟಡಗಳಿಗೂ ಬೇಕು, ಮತ್ತು ದೊಡ್ಡ ತೋಟಾಕ್ಕೆ ಮದ್ದು ಹೆಚ್ಚು ಬೇಕು. ಮದ್ದಿನಮನೆಯವರು ಹೇಳಿದ ಇಕ್ಕಟ್ಟು ಅಲ್ಲಿ ಇನ್ನಷ್ಟು ಬಿಗಿಯಾಗುತ್ತದೆ.

ಸೇನೆಯ 5.56 ಖರೀದಿ ಮುಂದೆ ನಿಧಾನವಾಗಿ ತಗ್ಗಿದರೆ ಇನ್ನೊಂದು ಪರಿಣಾಮವೂ ಉಂಟು. ಕಾರ್ಖಾನೆಯ ಸ್ಥಿರ ವೆಚ್ಚದಲ್ಲಿ ಸೇನೆ ಹೊರುತ್ತಿದ್ದ ಪಾಲು ಕಡಿಮೆಯಾಗಿ ನಾಗರಿಕ ತೋಟಾದ ಮೇಲೆ ಹೆಚ್ಚು ಬೀಳಬಹುದು. ಹಾಗಾಗಿ ಮಾಲು ಹೆಚ್ಚು ಸಿಗುತ್ತದೆ, ಆದರೆ ಅಗ್ಗವಾಗುವುದಿಲ್ಲ ಎಂಬುದು ನನ್ನ ಅಂದಾಜು. 2010ರಲ್ಲಿ ಸೇನೆ ಸೀಸರಹಿತ ಎಂ855ಎ1ಗೆ ಬದಲಾದಾಗಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು: ಹಳೆಯ ಎಂ855 ಅಂಗಡಿಗಳಿಗೆ ಧಾರಾಳವಾಗಿ ಬಂತು, ಆದರೆ ಮುಂದಿನ ವರ್ಷಗಳಲ್ಲಿ ಬೆಲೆಯನ್ನು ಎಳೆದಾಡಿದ್ದು ಕಪಾಟು ಖಾಲಿ ಅವರು ಪಟ್ಟಿ ಮಾಡಿದ ಪ್ರಸಂಗಗಳು.

ಮದ್ದಿನಮನೆ

ಗುರಿಗಾರರೇ, ನಿಮ್ಮ ಬಳಕೆಗೆ ಒಂದು ಕಿವಿಮಾತು. ಸಿದ್ಧ ತೋಟಾ ಕೊಳ್ಳುವವರಾದರೆ ಲೇಕ್ ಸಿಟಿಯ ಮಾಲಿಗೇ ಜೋತು ಬೀಳಬೇಡಿ. ಅಭ್ಯಾಸಕ್ಕೆ ಖಾಸಗಿ ಕಾರ್ಖಾನೆಗಳ .223 ರೆಮಿಂಗ್ಟನ್ ತೋಟಾ ಕೂಡ 5.56 ಚೇಂಬರಿನಲ್ಲಿ ನಿರಾತಂಕವಾಗಿ ನಡೆಯುತ್ತದೆ. ಅದರ ತಿರುವುಮುರುವು ಸುರಕ್ಷಿತವಲ್ಲ: .223 ಎಂದು ಮಾತ್ರ ಕೊರೆದಿರುವ ಬ್ಯಾರೆಲ್ಲಿಗೆ 5.56 ತುಂಬಬೇಡಿ, ಒತ್ತಡ ಮಿತಿ ಮೀರಬಹುದು. .22 ತೋಟಾವನ್ನು ಬೆಲೆ ಶಾಂತವಾಗಿರುವಾಗಲೇ ಕೊಂಡಿಡಿ. ಅದರ ಕೊರತೆ ಬಂದಾಗ ಅದನ್ನು ತುಂಬಿಸಿಕೊಡುವ ಸೇನಾ ಕಾರ್ಖಾನೆ ಯಾವುದೂ ಇಲ್ಲ, ಮನೆಯಲ್ಲಿ ಮರುತುಂಬುವುದೂ ಆಗದ ಮಾತು. ಮುಂದೆ ಮನೆಯಲ್ಲೇ 5.56 ತುಂಬುವ ಆಲೋಚನೆಯಿದ್ದರೆ ತೋಟಾ ತುಂಬುವ ಪ್ರೆಸ್ ಯಂತ್ರವನ್ನು ಕೊನೆಗೆ ಕೊಳ್ಳಿ, ಸಣ್ಣ ರೈಫಲ್ ಪ್ರೈಮರ್‌ಗಳನ್ನು ಮೊದಲು ಕೊಳ್ಳಿ. ಮದ್ದಿನ ಡಬ್ಬಿಯಲ್ಲಿ ಒಂದೇ ಹೆಸರಿಗೆ ಗಂಟುಬೀಳದೆ, ಪ್ರಕಟಿತ ಕೈಪಿಡಿಯಲ್ಲಿ ನಿಮ್ಮ ಗುಂಡಿನ ತೂಕಕ್ಕೆ ಪ್ರಮಾಣ ಕೊಟ್ಟಿರುವ ಎರಡು ಮೂರು ಮದ್ದುಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಒಂದು ಸಿಗದಿದ್ದರೆ ಇನ್ನೊಂದಕ್ಕೆ ಹೋಗಿ, ಆದರೆ ಪ್ರತಿ ಬಾರಿಯೂ ಕನಿಷ್ಠ ಪ್ರಮಾಣದಿಂದ ಮತ್ತೆ ಆರಂಭಿಸಿ.